ಮೊದಲು ಪ್ರಶ್ನೆಗೆ ಪರೀಕ್ಷೆ, ಆಮೇಲೆ ಮಕ್ಕಳಿಗೆ: ಪರೀಕ್ಷಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಕಾರ್ಯನಿರ್ವಾಹಕ ನಿರ್ದೇಶಕರಿಗೆ,
ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಬೆಂಗಳೂರು

ಮಾನ್ಯರೇ,

2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ (ಸಿಇಟಿ) 50 ಪ್ರಶ್ನೆಗಳು ಪಠ್ಯಕ್ರಮದ ಹೊರಗಿನವು ಎಂದು ತಜ್ಞರ ಸಮಿತಿ ಹೇಳಿತು. ಪ್ರಾಧಿಕಾರ ಅವನ್ನು ಮೌಲ್ಯಮಾಪನದಿಂದ ಕೈಬಿಟ್ಟಿತು. ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್ ಬಿತ್ತು. ಎಂಜಿನಿಯರಿಂಗ್ ಸೀಟಿಗಾಗಿ ಮೂರು ವಿಷಯ ಬರೆದ ಮಗುವಿನ ಪಾಲಿಗೆ ಅಂಕವೇ ಇಲ್ಲದ ಪ್ರಶ್ನೆಗಳು 39. ಇದೇ ಲೆಕ್ಕದಲ್ಲಿ 52 ನಿಮಿಷ.

ಅದೂ ಸರಾಸರಿ ಲೆಕ್ಕ. ಓದಿಲ್ಲದ ಪಾಠದ ಪ್ರಶ್ನೆ 80 ಸೆಕೆಂಡಿಗೆ ಬಗೆಹರಿಯುವುದಿಲ್ಲ. ಚೆನ್ನಾಗಿ ಓದಿದವರು ಬಿಟ್ಟು ಮುಂದೆ ಹೋಗಲು ಮನಸ್ಸಾಗದೆ ಎರಡು ಮೂರು ನಿಮಿಷ ಅದರ ಮುಂದೆ ಕೂರುತ್ತಾರೆ. ಓದದವರು ಅಂದಾಜಿಗೆ ಒಂದು ವೃತ್ತ ತುಂಬಿ ಐದು ಸೆಕೆಂಡಿನಲ್ಲಿ ಮುಂದೆ ಹೋಗುತ್ತಾರೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲವಾದ್ದರಿಂದ ಅವರಿಗೆ ಅದರಿಂದ ನಷ್ಟವಿಲ್ಲ. ಪ್ರಶ್ನೆ ರದ್ದಾದಾಗ ಕಾಗದದ ಮೇಲೆ ಇಬ್ಬರೂ ಸಮ. ಆದರೆ ಮೊದಲಿನವರು ಕಳೆದ ನಿಮಿಷಗಳು ಪಕ್ಕದ ಸರಿಯಾದ ಪ್ರಶ್ನೆಗಳಿಗೆ ಸೇರಬೇಕಾಗಿದ್ದವು. ರದ್ದತಿ ಅಂಕವನ್ನು ಸರಿದೂಗಿಸುತ್ತದೆ, ಸಮಯವನ್ನಲ್ಲ.

ನಾವು ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಪಿಯು ಉಪನ್ಯಾಸಕರು. ನಮ್ಮಲ್ಲಿ ಕೆಲವರು ಪ್ರಶ್ನೆ ವಿಶ್ಲೇಷಣೆಯ ಕೆಲಸ ಬಲ್ಲವರು. ಹಳೇ ಜಗಳ ಕೆದಕಲು ಬರೆಯುತ್ತಿಲ್ಲ. ನಮ್ಮ ಮಾತು ಇಷ್ಟೇ: ಅಂಕವಿಲ್ಲದ ಪ್ರಶ್ನೆ ಸಿಇಟಿಗೆ ಹೊಸದಲ್ಲ, ಆಗಲೇ ಬಂದು ಹೋಗಿದೆ, ಯಾರೂ ಯೋಚಿಸಿ ತಂದದ್ದಲ್ಲ ಅಷ್ಟೇ. ಅದನ್ನು ಯೋಚಿಸಿ, ನಿಯಮ ಮಾಡಿ, ಮೊದಲೇ ಹೇಳಿ ತಂದರೆ ಹೀಗೆ ಪರೀಕ್ಷೆ ಮುಗಿದ ಮೇಲೆ 50 ಪ್ರಶ್ನೆ ಕಿತ್ತುಹಾಕುವ ಪರಿಸ್ಥಿತಿ ಬರುವುದಿಲ್ಲ.

ಅಮೆರಿಕದ ಪ್ರವೇಶ ಪರೀಕ್ಷೆಗಳಲ್ಲಿ ಇದು ಹಳೆಯ ಪದ್ಧತಿ. ಪದವಿ ಕಾಲೇಜುಗಳ ಈಗಿನ ಡಿಜಿಟಲ್ ಎಸ್‌ಎಟಿಯಲ್ಲಿ ಓದು-ಬರಹಕ್ಕೆ 54 ಪ್ರಶ್ನೆ, ಗಣಿತಕ್ಕೆ 44. ಪ್ರತಿ ವಿಭಾಗವೂ ಎರಡು ಮಾಡ್ಯೂಲು, ಪ್ರತಿ ಮಾಡ್ಯೂಲಿನಲ್ಲಿ ಎರಡು ಪ್ರಶ್ನೆಗೆ ಅಂಕವಿಲ್ಲ. ಒಟ್ಟು 98ರಲ್ಲಿ 8. ಕಾನೂನು ಕಾಲೇಜುಗಳ ಎಲ್‌ಎಸ್‌ಎಟಿಯಲ್ಲಿ ತಲಾ 35 ನಿಮಿಷದ ನಾಲ್ಕು ವಿಭಾಗಗಳಿದ್ದು, ಒಂದಕ್ಕೆ ಅಂಕವಿಲ್ಲ. ಕಾಲುಭಾಗ ಪರೀಕ್ಷೆ ಪುಕ್ಕಟೆ ದುಡಿಮೆ! ಇದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಸ್ನಾತಕೋತ್ತರ ಪ್ರವೇಶದ ಜಿಆರ್‌ಇಯಲ್ಲೂ ಗುರುತಿಲ್ಲದ ಒಂದು ಇಡೀ ವಿಭಾಗ ಬರುತ್ತಿತ್ತು; 2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆಯನ್ನು 1 ಗಂಟೆ 58 ನಿಮಿಷಕ್ಕೆ ಇಳಿಸಿದಾಗ ಅದನ್ನು ತೆಗೆದರು. ಈ ಪರೀಕ್ಷೆಗಳಲ್ಲೆಲ್ಲ ಒಂದು ರಿವಾಜು ಸಮಾನ. ಅಂಕವಿಲ್ಲದ ಪ್ರಶ್ನೆ ಉಂಟು ಎಂಬುದನ್ನು ಮೊದಲೇ ತಿಳಿಸುತ್ತಾರೆ, ಯಾವುದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಯಾರೂ ಮನಸ್ಸಿಟ್ಟು ಬಿಡಿಸುವುದಿಲ್ಲ, ಬರುವ ಅಂಕಿಅಂಶ ಕೆಲಸಕ್ಕೆ ಬಾರದು.

ಇಷ್ಟೆಲ್ಲ ಮಾಡುವುದು ಯಾಕೆ? ಧಾರವಾಡ ಕೃಷಿ ವಿಶ್ವವಿದ್ಯಾಲಯ ಹೊಸ ತಳಿಯನ್ನು ರೈತರ ಕೈಗೆ ಕೊಡುವ ಮೊದಲು ಹಲವು ಊರುಗಳ ಹೊಲಗಳಲ್ಲಿ ಹಾಕಿ ನೋಡುವುದು ಯಾಕೋ ಅದಕ್ಕೇ. ಎಷ್ಟೇ ಅನುಭವಿಯಾದರೂ ಪ್ರಶ್ನೆ ತೆಗೆದವರಿಗೆ ಅದು ಎಷ್ಟು ಕಠಿಣ, ಎಲ್ಲಿ ಎಡವಿಸುತ್ತದೆ ಎಂಬುದು ಪೂರ್ತಿ ಗೊತ್ತಾಗುವುದಿಲ್ಲ. ಮಕ್ಕಳು ಬಿಡಿಸಿದ ಮೇಲೆ ಎರಡು ಸಂಖ್ಯೆಗಳು ಅದನ್ನು ಹೇಳುತ್ತವೆ. ಒಂದು, ನೂರಕ್ಕೆ ಎಷ್ಟು ಮಂದಿ ಸರಿ ಮಾಡಿದರು. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ತುಂಬಿದರೂ 25 ಬರುತ್ತದೆ. ಹಾಗಾಗಿ 30ಕ್ಕಿಂತ ಕೆಳಗೆ ಬಂದ ಪ್ರಶ್ನೆಯನ್ನು ಅನುಮಾನದಿಂದಲೇ ನೋಡಬೇಕು. ಇನ್ನೊಂದು, ಜಾಣರನ್ನೂ ಉಳಿದವರನ್ನೂ ಅದು ಬೇರ್ಪಡಿಸುತ್ತದೆಯೇ ಎಂಬುದು. ಇದಕ್ಕೆ ಒಟ್ಟು ಅಂಕದ ಪ್ರಕಾರ ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ಮಂದಿಯನ್ನು ತೆಗೆದುಕೊಳ್ಳುವುದು ವಾಡಿಕೆ. ಸಾವಿರ ಮಂದಿ ಬರೆದರೆ ಮೇಲಿನ 270, ಕೆಳಗಿನ 270. ಮೇಲಿನವರಲ್ಲಿ 189 ಮಂದಿ, ಕೆಳಗಿನವರಲ್ಲಿ 81 ಮಂದಿ ಸರಿ ಮಾಡಿದರೆ ವ್ಯತ್ಯಾಸ 108. ಅದನ್ನು 270ರಿಂದ ಭಾಗಿಸಿದರೆ 0.40. ಒಳ್ಳೆಯ ಪ್ರಶ್ನೆ. 0.20ಕ್ಕಿಂತ ಕಡಿಮೆ ಬಂದರೆ ತಿದ್ದಬೇಕು. ಸೊನ್ನೆಗಿಂತ ಕೆಳಗೆ ಹೋದರೆ ಕೀ ಉತ್ತರವೇ, ಅಂದರೆ ಸರಿ ಎಂದು ಗೊತ್ತುಮಾಡಿದ ಉತ್ತರವೇ, ತಪ್ಪಿರಬಹುದು.

ಸರಿ ತಪ್ಪುಗಳ ಎಣಿಕೆಗಿಂತ ಆಯ್ಕೆವಾರು ಎಣಿಕೆ ಹೆಚ್ಚು ಬಾಯಿ ಬಿಡುತ್ತದೆ. ಒಂದು ಪ್ರಶ್ನೆಯ ಕೀ ಉತ್ತರ 'ಬಿ' ಎಂದಿಟ್ಟುಕೊಳ್ಳಿ. ಮೇಲಿನ 270 ಮಂದಿಯಲ್ಲಿ ಎ 20, ಬಿ 95, ಸಿ 140, ಡಿ 15. ಕೆಳಗಿನ 270ರಲ್ಲಿ ಎ 60, ಬಿ 80, ಸಿ 70, ಡಿ 60. ಕೆಳಗಿನವರು ನಾಲ್ಕಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದಾರೆ, ಅಂದರೆ ಊಹೆ. ಮೇಲಿನವರು ಮಾತ್ರ ಒಟ್ಟಾಗಿ 'ಸಿ' ಕಡೆ ಹೋಗಿದ್ದಾರೆ. ಅರ್ಧಕ್ಕಿಂತ ಹೆಚ್ಚು ಜಾಣ ಮಕ್ಕಳು ಒಂದೇ 'ತಪ್ಪು' ಉತ್ತರಕ್ಕೆ ಹೋಗಬೇಕಾದರೆ ಒಂದೋ ಕೀ ತಪ್ಪು, ಇಲ್ಲವೇ ಪ್ರಶ್ನೆಯಲ್ಲಿ ಎಲ್ಲೋ ಒಂದು ಷರತ್ತು ಬಿಟ್ಟುಹೋಗಿದೆ: ಘರ್ಷಣೆ ಇಲ್ಲ ಎಂದು ಬರೆಯದಿರುವುದು, ಉಷ್ಣತೆ ಸ್ಥಿರ ಎಂದು ಹೇಳದಿರುವುದು, ಇಂಥವು. ಪರಿಣತರ ಕಣ್ಣು ತಪ್ಪಿಸಿದ್ದು ಈ ಎಂಟು ಸಂಖ್ಯೆಗಳಲ್ಲಿ ಸಿಕ್ಕಿಬೀಳುತ್ತದೆ.

2024ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಆದದ್ದು ಇದೇ ಜಾತಿಯದು. ಭೌತಶಾಸ್ತ್ರದ ಒಂದು ಪ್ರಶ್ನೆಯಲ್ಲಿ 'ಪ್ರತಿ ಧಾತುವಿನ ಪರಮಾಣುಗಳು ಸ್ಥಿರ' ಎಂಬ ಹೇಳಿಕೆ ಇತ್ತು. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕದ ಹಳೇ ಆವೃತ್ತಿಯಲ್ಲಿ ಹಾಗೇ ಇದೆ. ಹೊಸ ಆವೃತ್ತಿಯಲ್ಲಿ 'ಬಹುತೇಕ ಧಾತುಗಳ' ಎಂದಾಗಿದೆ. ಎರಡು ಉತ್ತರಕ್ಕೂ ಅಂಕ ಕೊಟ್ಟರು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟು ಐಐಟಿ ದೆಹಲಿಯ ತಜ್ಞರ ಅಭಿಪ್ರಾಯ ಕೇಳಿತು, ಒಂದೇ ಉತ್ತರ ಸರಿ ಎಂದಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ಐದೈದು ಅಂಕ ಇಳಿಯಿತು: ಬಂದಿದ್ದ ನಾಲ್ಕು ಹೋಯಿತು, ಋಣಾಂಕ ಒಂದು ಸೇರಿತು. ಎರಡೂ ಆವೃತ್ತಿ ಓದಿದ ಮುನ್ನೂರು ಮಕ್ಕಳ ಮುಂದೆ ಆ ಪ್ರಶ್ನೆಯನ್ನು ಒಮ್ಮೆ ಇಟ್ಟಿದ್ದರೆ ಉತ್ತರ ಎರಡು ಕಡೆ ಒಡೆಯುವುದು ಅಲ್ಲೇ ಕಾಣುತ್ತಿತ್ತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. 2024ರ ಸಿಇಟಿಯ ತಪ್ಪಿಗೆ ಇಷ್ಟೆಲ್ಲ ಅಂಕಿಅಂಶವೂ ಬೇಕಿರಲಿಲ್ಲ. ಪಠ್ಯಕ್ರಮದ ಹೊರಗಿನ ಪ್ರಶ್ನೆ ಹಿಡಿಯಲು ಆ ವರ್ಷ ಪಾಠ ಮಾಡಿದ ಒಬ್ಬ ಉಪನ್ಯಾಸಕ, ಆ ವರ್ಷದ ಪಠ್ಯಕ್ರಮದ ಪಟ್ಟಿ ಮತ್ತು ಒಂದು ಪೆನ್ಸಿಲ್ ಸಾಕು. ಪ್ರತಿ ಪ್ರಶ್ನೆಯ ಜೊತೆ ಒಂದು ಚೀಟಿ ಇರಲಿ: ಯಾವ ಅಧ್ಯಾಯ, ಯಾವ ಪುಟ, ಯಾವ ಆವೃತ್ತಿ. ಅದನ್ನು ತಾಳೆ ನೋಡುವವರು ಪ್ರಶ್ನೆ ತೆಗೆದವರಾಗಿರಬಾರದು, ನಿವೃತ್ತರೂ ಆಗಿರಬಾರದು. ನಿವೃತ್ತರ ವಿದ್ವತ್ತಿನ ಬಗ್ಗೆ ನಮಗೆ ಗೌರವವಿದೆ. ಆದರೆ ಕೈಬಿಟ್ಟ ಪಾಠ ಯಾವುದು ಎಂಬುದು ತರಗತಿಯಲ್ಲಿ ನಿಂತವರಿಗೆ ನೆನಪಿರುವಷ್ಟು ಬೇರೆಯವರಿಗೆ ಇರುವುದಿಲ್ಲ.

ಟ್ರಯಲ್, ಅಂದರೆ ಮಕ್ಕಳ ಮುಂದೆ ಇಟ್ಟು ನೋಡುವುದು, ಬೇಕಾಗುವುದು ಈ ಜರಡಿ ದಾಟಿದ ಪ್ರಶ್ನೆಗಳಿಗೆ. ಅದನ್ನು ಎಸ್‌ಎಟಿಯ ಹಾಗೆ ಸಿಇಟಿ ಒಳಗೇ ಸೇರಿಸಬಹುದೇ? ಲೆಕ್ಕ ಬಹಳ ಆಕರ್ಷಕವಾಗಿದೆ. ಪ್ರತಿ ಪ್ರಶ್ನೆಪತ್ರಿಕೆಗೆ 60ರ ಜೊತೆ ಎರಡು ಟ್ರಯಲ್ ಪ್ರಶ್ನೆ ಸೇರಿಸಿ, ಎಂಟು ವರ್ಷನ್ ಕೋಡ್ (ಪ್ರಶ್ನೆಗಳ ಕ್ರಮ ಬೇರೆಯಿರುವ ಪತ್ರಿಕೆಗಳ ಗುರುತು) ಇವೆ ಎಂದಿಟ್ಟುಕೊಂಡು ಎಂಟು ಬೇರೆ ಜೋಡಿ ಕೊಟ್ಟರೆ ಒಂದು ವಿಷಯಕ್ಕೆ 16 ಹೊಸ ಪ್ರಶ್ನೆ ಪರೀಕ್ಷೆಯಾಗುತ್ತವೆ. ಮೂರು ಲಕ್ಷ ಮಂದಿ ಬರೆದರೆ ಪ್ರತಿಯೊಂದಕ್ಕೂ 37,500 ಉತ್ತರ. ಬೇಕಾದದ್ದು ಮುನ್ನೂರು, ಹೆಚ್ಚೆಂದರೆ ಸಾವಿರ.

ಆದರೆ ನಮ್ಮ ಪರೀಕ್ಷೆಯ ಸ್ವರೂಪವೇ ಬೇರೆ. ಎಸ್‌ಎಟಿಯ ಪ್ರಶ್ನೆಗಳು ಕಂಪ್ಯೂಟರಿನಿಂದ ಆಚೆ ಬರುವುದಿಲ್ಲ. ಸಿಇಟಿಯ ಪ್ರಶ್ನೆಪತ್ರಿಕೆ ಸಾರ್ವಜನಿಕವಾಗುತ್ತದೆ. ಸಂಜೆ ಹೊತ್ತಿಗೆ ಧಾರವಾಡದ ಸಪ್ತಾಪುರದ ಪಿಜಿಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಉತ್ತರಗಳು ಓಡಾಡುತ್ತಿರುತ್ತವೆ, ಆಮೇಲೆ ಪ್ರಾಧಿಕಾರವೇ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಈ ಪಾರದರ್ಶಕತೆಯನ್ನು ನಾವು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಅದನ್ನು ಉಳಿಸಿಕೊಂಡರೆ ಒಳಗೆ ಸೇರಿಸಿದ ಟ್ರಯಲ್ ಪ್ರಶ್ನೆ ಅದೇ ದಿನ ಬಯಲಾಗುತ್ತದೆ, ಮುಂದಿನ ವರ್ಷ ಹಾಗೇ ಕೊಡಲು ಬರುವುದಿಲ್ಲ. ಸಂಖ್ಯೆ ಬದಲಿಸಿ ಕೊಟ್ಟರಾಯಿತು ಎನ್ನುವವರಿದ್ದಾರೆ. ಗಂಟೆಗೆ 36 ಕಿ.ಮೀ. ಎಂದಿದ್ದದ್ದನ್ನು 54 ಮಾಡಿದರೆ ಸರಿ: ಸೆಕೆಂಡಿಗೆ 10 ಮೀಟರ್ ಇದ್ದದ್ದು 15 ಆಗುತ್ತದೆ. 37 ಮಾಡಿದರೆ 10.28 ಬಂದು ಲೆಕ್ಕ ಗೋಜಲಾಗುತ್ತದೆ. ಭೌತಶಾಸ್ತ್ರ ಗೊತ್ತಿದ್ದವರೂ ಗುಣಾಕಾರದಲ್ಲಿ ಎಡವುತ್ತಾರೆ, ಹಳೆಯ ಅಂಕಿಅಂಶ ಅನ್ವಯಿಸುವುದಿಲ್ಲ.

ಇನ್ನೂ ಒಂದು ತೊಡಕು ವೃತ್ತ ತುಂಬುವ ಉತ್ತರ ಹಾಳೆಯದು, ಅಂದರೆ ಓಎಂಆರ್‌ನದು. ಟ್ರಯಲ್ ಪ್ರಶ್ನೆಯ ಸ್ಥಾನ ವರ್ಷನ್ನಿನಿಂದ ವರ್ಷನ್ನಿಗೆ ಬೇರೆಯಾದರೆ, ವರ್ಷನ್ ಕೋಡ್ ತಪ್ಪಾಗಿ ತುಂಬಿದ ವಿದ್ಯಾರ್ಥಿಯ ಅಂಕವಿರುವ ಪ್ರಶ್ನೆ ಟ್ರಯಲ್ ಲೆಕ್ಕಕ್ಕೂ, ಟ್ರಯಲ್ ಪ್ರಶ್ನೆ ಅಂಕದ ಲೆಕ್ಕಕ್ಕೂ ಹೋಗಿ ಕೂರುತ್ತದೆ. ಕೋಡ್ ತಪ್ಪುವುದು ಈಗಲೂ ಉಂಟು. ಅದರ ಮೇಲೆ ಇನ್ನೊಂದು ಪದರ ಬೇಡ.

ಆದ್ದರಿಂದ ಟ್ರಯಲ್ ಪರೀಕ್ಷೆಯ ಹೊರಗೇ ನಡೆಯಲಿ ಎಂಬುದು ನಮ್ಮ ಸಲಹೆ. ಹೊಸದಾಗಿ ಎಂಜಿನಿಯರಿಂಗ್, ಬಿ.ಎಸ್‌ಸಿ. ಮೊದಲ ಸೆಮಿಸ್ಟರಿಗೆ ಸೇರಿದ ಮಕ್ಕಳಿಗೆ ಪಿಯು ಪಾಠ ಇನ್ನೂ ನೆನಪಿರುತ್ತದೆ, ಆದರೆ ಸಿಇಟಿ ಮತ್ತೆ ಬರೆಯುವ ಗರಜು ಹೆಚ್ಚಿನವರಿಗೆ ಇರುವುದಿಲ್ಲ. ಅವರಿಗೆ 20 ಪ್ರಶ್ನೆಯ ಒಂದು ಪುಸ್ತಿಕೆ, 30 ನಿಮಿಷ. ಅದರಲ್ಲಿ 15 ಹೊಸವು, 5 ಹಿಂದಿನ ಸಿಇಟಿಯ ಪ್ರಶ್ನೆಗಳು. ಒಂದು ಪುಸ್ತಿಕೆಗೆ 300 ಮಂದಿ. ವಿಷಯಕ್ಕೆ 60 ಪ್ರಶ್ನೆ ಬೇಕಾದಲ್ಲಿ 180 ಟ್ರಯಲ್ ಮಾಡುವುದಾದರೆ 12 ಪುಸ್ತಿಕೆ, 3,600 ಮಂದಿ. ನಾಲ್ಕು ವಿಷಯಕ್ಕೆ 14,400. ರಾಜ್ಯದ ಕಾಲೇಜುಗಳಿಗೆ ಇದು ದೊಡ್ಡ ಸಂಖ್ಯೆಯಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಷ್ಟೇ ಮಾಡಬೇಡಿ. ಗದಗ, ಹಾವೇರಿ, ಕಲಬುರಗಿಯ ಕಾಲೇಜುಗಳೂ ಇರಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಉತ್ತರಗಳನ್ನು ಪ್ರತ್ಯೇಕವಾಗಿ ಎಣಿಸಿ ನೋಡಿ. ಒಟ್ಟು ಅಂಕ ಸಮನಾಗಿದ್ದೂ ಒಂದೇ ಪ್ರಶ್ನೆಯಲ್ಲಿ ಶಿರಹಟ್ಟಿ, ಹಿರೇಕೆರೂರಿನ ಮಕ್ಕಳು ಮಾತ್ರ ಹಿಂದೆ ಬಿದ್ದರೆ ತಕರಾರು ವಿಜ್ಞಾನದ್ದಲ್ಲ, ಪ್ರಶ್ನೆಯ ವಾಕ್ಯದ್ದು.

ಆ ಐದು ಹಳೇ ಪ್ರಶ್ನೆಗಳು ಯಾಕೆಂದರೆ, ಟ್ರಯಲ್ ಬರೆಯುವವರು ಆಗಲೇ ಸೀಟು ಸಿಕ್ಕವರು, ಸರಾಸರಿಗಿಂತ ಮುಂದಿರುವವರು. ಸಿಇಟಿಯಲ್ಲಿ ನೂರಕ್ಕೆ 45 ಮಂದಿ ಸರಿ ಮಾಡಿದ್ದ ಹಳೇ ಪ್ರಶ್ನೆಯನ್ನು ಇಲ್ಲಿ 60 ಮಂದಿ ಸರಿ ಮಾಡಿದರೆ, ಹೊಸ ಪ್ರಶ್ನೆಗಳ ಅಂಕಿಯನ್ನೂ ಅದೇ ಅಳತೆಯಲ್ಲಿ ಕೆಳಗಿಳಿಸಿ ಓದಬೇಕು. ಇನ್ನೊಂದು ಉಪಯೋಗ, ಉಡಾಫೆಯಿಂದ ಬರೆದವರನ್ನು ಹಿಡಿಯುವುದು. 30 ನಿಮಿಷದ ಪುಸ್ತಿಕೆಯನ್ನು ಆರು ನಿಮಿಷಕ್ಕೆ ಮುಗಿಸಿ, ಸುಲಭದ ಹಳೇ ಪ್ರಶ್ನೆಗಳನ್ನೂ ತಪ್ಪು ಮಾಡಿದವರ ಹಾಳೆಯನ್ನು ಲೆಕ್ಕದಿಂದ ತೆಗೆಯಬೇಕು. ಇಲ್ಲವಾದರೆ ಎಲ್ಲ ಪ್ರಶ್ನೆಗಳೂ ಇದ್ದದ್ದಕ್ಕಿಂತ ಕಠಿಣವಾಗಿ ಕಾಣುತ್ತವೆ. ಅಂಕವಿಲ್ಲ ಎಂದು ಗೊತ್ತಿದ್ದೂ ಬರೆಯುವವರಿಗೆ ಒಂದು ಗೌರವಧನ ಕೊಡುವುದು ನ್ಯಾಯ.

ಸೋರಿಕೆ ಆಗುವುದಿಲ್ಲವೇ ಎಂದರೆ, ಸ್ವಲ್ಪ ಆಗಬಹುದು. ಪುಸ್ತಿಕೆಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಂಡರೂ ನೆನಪಿನಲ್ಲಿ ಒಂದೆರಡು ಪ್ರಶ್ನೆ ಹೊರಗೆ ಬಂದೇ ಬರುತ್ತವೆ. ಅದಕ್ಕೇ ಮೂರುಪಟ್ಟು ಪ್ರಶ್ನೆ ಬೇಕಾದದ್ದು, ಅದಕ್ಕೇ ಒಬ್ಬರ ಕಣ್ಣಿಗೆ 15ಕ್ಕಿಂತ ಹೆಚ್ಚು ಹೊಸವು ಬೀಳಬಾರದು. ಟ್ರಯಲ್ ಆದವು ಮರುವರ್ಷಕ್ಕೇ ಹೋಗದೆ ಪ್ರಶ್ನೆ ಬ್ಯಾಂಕಿನಲ್ಲಿ ಬೇರೆ ವರ್ಷದವುಗಳ ಜೊತೆ ಸೇರಬೇಕು. ಆಗ ಸೋರಿದ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿದವರಿಗೆ ಅದು ಬರುವ ಸಂಭವ ಕಡಿಮೆ, ಬಂದರೂ 60ರಲ್ಲಿ ಒಂದು.

ಪರೀಕ್ಷೆ ಮುಗಿದ ಮೇಲಿನ ಕೆಲಸ ಇನ್ನೂ ಸುಲಭ. ಓಎಂಆರ್ ಸ್ಕ್ಯಾನ್ ಆದ ಕೂಡಲೇ ಮೇಲೆ ಹೇಳಿದ ಆಯ್ಕೆವಾರು ಎಣಿಕೆಯನ್ನು ಎಲ್ಲ 240 ಪ್ರಶ್ನೆಗಳಿಗೂ ತೆಗೆಯಬಹುದು. ಒಂದು ಸಾಧಾರಣ ಕಂಪ್ಯೂಟರಿಗೆ ಇದು ದೊಡ್ಡ ಕೆಲಸವೇನಲ್ಲ. ಮೇಲಿನ, ಕೆಳಗಿನ ಗುಂಪುಗಳ ವ್ಯತ್ಯಾಸವನ್ನು ಭಾಗಿಸಿದಾಗ 0.10ಕ್ಕಿಂತ ಕಡಿಮೆ ಬಂದವನ್ನೂ, ಮೇಲಿನ ಗುಂಪು ಕೀ ಬಿಟ್ಟು ಬೇರೆ ಕಡೆ ಹೋದವನ್ನೂ ವಿಷಯ ತಜ್ಞರು ಮೊದಲು ನೋಡಲಿ, ಆಮೇಲೆ ತಾತ್ಕಾಲಿಕ ಕೀ ಪ್ರಕಟವಾಗಲಿ. ಈಗ ನಡೆಯುತ್ತಿರುವುದು ಉಲ್ಟಾ: ಕೀ ಬರುತ್ತದೆ, ಮಕ್ಕಳೂ ಪೋಷಕರೂ ಪುಸ್ತಕದ ಪುಟ ಹುಡುಕಿ ಆಕ್ಷೇಪಣೆ ಹಾಕಬೇಕು. ಮನೆಯಲ್ಲಿ ಹೇಳಿಕೊಡುವವರಿಲ್ಲದ ಹಳ್ಳಿ ಮಕ್ಕಳ ಆಕ್ಷೇಪಣೆ ಅಲ್ಲಿಯವರೆಗೆ ಬರುವುದೇ ಇಲ್ಲ.

ಪ್ರಶ್ನೆ ಕೈಬಿಡಬೇಕಾಗಿ ಬಂದರೆ ಏನು ಮಾಡುತ್ತೀರಿ ಎಂಬುದನ್ನೂ ಪರೀಕ್ಷೆಗೆ ಮೊದಲೇ ಬರೆದಿಡಿ. ಎಲ್ಲರಿಗೂ ಕೃಪಾಂಕ ಕೊಡುವುದು ಬೇರೆ, ಕಿತ್ತುಹಾಕಿ ಉಳಿದವನ್ನು 60ಕ್ಕೆ ಹಿಗ್ಗಿಸುವುದು ಬೇರೆ. 2024ರ ಸಂಖ್ಯೆಯನ್ನೇ ಹಿಡಿದರೆ ಭೌತಶಾಸ್ತ್ರದಲ್ಲಿ ಉಳಿಯುವುದು 51, ರಸಾಯನದಲ್ಲಿ 45. ಹಿಗ್ಗಿಸಿದರೆ ಭೌತದ ಒಂದು ಸರಿ ಉತ್ತರಕ್ಕೆ 1.18 ಅಂಕ, ರಸಾಯನದ್ದಕ್ಕೆ 1.33. ಕೃಪಾಂಕ ಕೊಟ್ಟರೆ ಎರಡೂ ಒಂದೇ, ಆದರೆ ಅಂಕಗಳೆಲ್ಲ ಮೇಲಕ್ಕೆ ಸರಿದು ಒತ್ತಾಗುತ್ತವೆ. ಮೂರು ವಿಷಯ ಕೂಡಿಸಿದಾಗ ಯಾವ ವಿಧಾನ ಹಿಡಿದರು ಎಂಬುದರ ಮೇಲೆ ರ್‍ಯಾಂಕು ಹಿಂದೆಮುಂದೆ ಆಗುತ್ತದೆ. ಯಾರಿಗೆ ಲಾಭ ಎಂದು ಗೊತ್ತಾದ ಮೇಲೆ ವಿಧಾನ ಆರಿಸಿದರೆ, ಆರಿಸಿದವರು ಎಷ್ಟೇ ಪ್ರಾಮಾಣಿಕರಿದ್ದರೂ ಜನ ನಂಬುವುದಿಲ್ಲ.

ಮುಂದೆ ಸಿಇಟಿ ಕಂಪ್ಯೂಟರಿಗೆ ಹೋದರೆ, ಹಲವು ಪಾಳಿಯಲ್ಲಿ ನಡೆದರೆ, ಆಗ ಪರೀಕ್ಷೆಯೊಳಗೆ ಅಂಕವಿಲ್ಲದ ಪ್ರಶ್ನೆ ಸೇರಿಸುವ ಮಾತು ಬಂದೇ ಬರುತ್ತದೆ. ಆಗ ಇಷ್ಟನ್ನಾದರೂ ಪಾಲಿಸಿ. ವಿಷಯಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎರಡಕ್ಕೆ ಬೇಕಾಗುವ 160 ಸೆಕೆಂಡಿಗೆ ಮೂರು ನಿಮಿಷ ಹೆಚ್ಚು ಕೊಡಿ. ಕೊನೆಯ ಹತ್ತರೊಳಗೆ ಇಡಬೇಡಿ. ಸಮಯ ಸಾಲದೆ ಬಿಟ್ಟವರ ಸಂಖ್ಯೆ ಪ್ರಶ್ನೆಯನ್ನು ಸುಳ್ಳೇ ಕಠಿಣ ಮಾಡಿ ತೋರಿಸುತ್ತದೆ. ಮೊದಲ ಐದರಲ್ಲೂ ಬೇಡ, ಅಲ್ಲಿ ಎಡವಿದವರು ಮುಂದೆ ಸುಧಾರಿಸಿಕೊಳ್ಳಲು ಹತ್ತು ನಿಮಿಷ ಬೇಕು. ಒಮ್ಮೆ ಟ್ರಯಲ್ ಎಂದು ಗುರುತಾದದ್ದು, ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ, ಆ ವರ್ಷ ಅಂಕಕ್ಕೆ ಸೇರಬಾರದು. ಅಂಕದ ಪ್ರಶ್ನೆ ಕೆಟ್ಟರೆ ಅದನ್ನು ಟ್ರಯಲ್ ಎಂದು ಕರೆದು ಮುಚ್ಚಿಹಾಕಲೂ ಬಾರದು. ಎರಡರ ಪಟ್ಟಿ ಪರೀಕ್ಷೆಗೆ ಮೊದಲೇ ಮೊಹರಾದ ಲಕೋಟೆಯಲ್ಲಿರಲಿ.

ಇದನ್ನು ಓದುವ ವಿದ್ಯಾರ್ಥಿಗಳಿಗೂ ಒಂದು ಮಾತು. ಎಸ್‌ಎಟಿ, ಎಲ್‌ಎಸ್‌ಎಟಿಗೆ ಕೂರುವವರ ನಡುವೆ 'ವಿಚಿತ್ರ ಕಾಣುವ ಪ್ರಶ್ನೆ ಎಕ್ಸ್‌ಪೆರಿಮೆಂಟಲ್, ಬಿಟ್ಟುಬಿಡು' ಎಂಬ ಸಲಹೆ ಓಡಾಡುತ್ತದೆ. ಕೇಳಬೇಡಿ. ಅಂಕವಿಲ್ಲದ್ದು ನೋಡಲು ಉಳಿದವುಗಳ ಹಾಗೇ ಇರುತ್ತದೆ, ಹಾಗಿರಲಿ ಎಂದೇ ಇಡುವುದು. ಎಸ್‌ಎಟಿಯಲ್ಲಿ ಮೊದಲ ಮಾಡ್ಯೂಲು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದು ಸುಲಭವೋ ಕಠಿಣವೋ ನಿರ್ಧಾರವಾಗುತ್ತದೆ. ಊಹೆ ತಪ್ಪಿ ಅಂಕದ ಪ್ರಶ್ನೆ ಬಿಟ್ಟರೆ ಪೆಟ್ಟು ಎರಡು ಕಡೆ. ಸಿಇಟಿಯಲ್ಲಂತೂ ಮಾತೇ ಇಲ್ಲ: ಪಾಠದಲ್ಲಿ ಇಲ್ಲದ್ದು ಬಂದರೆ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿ ಮುಂದೆ ಹೋಗಿ, ಸಮಯ ಉಳಿದರೆ ಮರಳಿ ಬನ್ನಿ, ಇಲ್ಲವಾದರೆ ಕೊನೆಗೆ ಒಂದು ವೃತ್ತ ತುಂಬಿ.

ಮಾನ್ಯರೇ, ಮುಂದಿನ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ ಸೇರಿಸಲು ಒಂದು ಪ್ಯಾರಾ ಇಲ್ಲಿ ಬರೆದು ಕೊಡುತ್ತಿದ್ದೇವೆ. ತಿದ್ದಿ ಬಳಸಿಕೊಳ್ಳಿ:

'ಈ ಪರೀಕ್ಷೆಯ ಪ್ರತಿ ವಿಷಯದ ಎಲ್ಲ 60 ಪ್ರಶ್ನೆಗಳಿಗೂ ಅಂಕವಿದೆ. ಪ್ರತಿಯೊಂದನ್ನೂ ಈ ಸಾಲಿನ ಪಠ್ಯಕ್ರಮದೊಂದಿಗೆ ತಾಳೆ ನೋಡಲಾಗಿದೆ. ಯಾವುದೇ ಪ್ರಶ್ನೆಯನ್ನು ಕೈಬಿಡಬೇಕಾಗಿ ಬಂದರೆ ಎಲ್ಲ ಅಭ್ಯರ್ಥಿಗಳಿಗೂ ತಲಾ ಒಂದು ಅಂಕ ನೀಡಲಾಗುವುದು. ಫಲಿತಾಂಶದ ಜೊತೆಗೆ ಪ್ರತಿ ಪ್ರಶ್ನೆಗೆ ಪ್ರತಿ ಆಯ್ಕೆಯನ್ನು ಗುರುತಿಸಿದವರ ಸಂಖ್ಯೆಯನ್ನು ವರ್ಷನ್‌ವಾರು ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸಲಾಗುವುದು.'

ಆ ಕೊನೆಯ ವಾಕ್ಯದ ಅಂಕಿಗಳಿಗೆ ಹೆಸರು, ನೋಂದಣಿ ಸಂಖ್ಯೆ ಯಾವುದೂ ಬೇಡ. 2024 ಮತ್ತು ಆಮೇಲಿನ ವರ್ಷಗಳವನ್ನು ಈಗಲೇ ಪ್ರಕಟಿಸಿದರೆ ವಿಶ್ಲೇಷಣೆ ಮಾಡಿಕೊಡಲು ಇಲ್ಲಿನ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಬಲ್ಲವರು ಸಾಕಷ್ಟು ಮಂದಿ ಇದ್ದಾರೆ. ಸಂಭಾವನೆ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಧಾರವಾಡ, ಹುಬ್ಬಳ್ಳಿ ಮತ್ತು ಗದಗದ ಕೆಲವು ಪಿಯು ಉಪನ್ಯಾಸಕರು